ಕೇಳಿಸಲಿಲ್ಲವೋ, ತಿಳಿಯಲಿಲ್ಲವೋ?

ಮಕ್ಕಳೇ, ಪಾಠ ಓದುವ ಮೊದಲು ಒಂದು ಆಟ ಆಡೋಣ.

ನಿಮ್ಮ ಗೆಳೆಯನನ್ನೋ ಗೆಳತಿಯನ್ನೋ ಗೋಡೆಗೆ ಮುಖ ಮಾಡಿ ನಿಲ್ಲಿಸಿರಿ. ನೀವು ಹತ್ತು ಹೆಜ್ಜೆ ಹಿಂದೆ ನಿಲ್ಲಿರಿ. ಪಿಸುಮಾತೂ ಅಲ್ಲ, ಕೂಗೂ ಅಲ್ಲ, ಅಂಥ ಮೆಲುದನಿಯಲ್ಲಿ ಒಂದೊಂದೇ ಪದ ಹೇಳಿರಿ: ಕಾಲು, ಕಾಳು, ಬಲೆ, ಬಳೆ, ಹುಲಿ, ಹುಳಿ, ಮರ, ಮನೆ, ಎಲೆ, ಹಾಲು. ಕೇಳಿಸಿದ್ದನ್ನು ಅವರು ತಿರುಗಿ ಹೇಳಲಿ. ಹತ್ತರಲ್ಲಿ ಎಷ್ಟು ಸರಿ ಎಂದು ಬರೆದಿಡಿರಿ.

ಈಗ ಎರಡನೆಯ ಸುತ್ತು. ತರಗತಿಯಲ್ಲಿ ಬೇರೆ ಮನೆಮಾತಿನವರು ಯಾರಾದರೂ ಇದ್ದಾರೆಯೇ? ಕಾಸರಗೋಡಿನ ಶಾಲೆಯಲ್ಲಿ ಇಲ್ಲದೆ ಇರುತ್ತಾರೆಯೇ! ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಎಣಿಸಿ ನಮ್ಮ ಜಿಲ್ಲೆಯನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ಗೋಡೆಯ ಬಳಿ ನಿಂತವರಿಗೆ ಸ್ವಲ್ಪವೂ ಬಾರದ ಭಾಷೆಯ ಹತ್ತು ಪದಗಳನ್ನು ಅದೇ ದೂರದಿಂದ, ಅದೇ ದನಿಯಲ್ಲಿ ಹೇಳಿಸಿರಿ. ಈ ಸಲ ಎಷ್ಟು ಸರಿಯಾಯಿತು?

ಸಾಮಾನ್ಯವಾಗಿ ಎರಡನೆಯ ಸುತ್ತಿನಲ್ಲಿ ಅಂಕ ಕಡಿಮೆಯಾಗುತ್ತದೆ. ಐದು ನಿಮಿಷದ ಒಳಗೆ ಕಿವಿ ಕೆಟ್ಟುಹೋಯಿತೇ? ಇಲ್ಲ. ಕಿವಿ ಅದೇ, ದನಿ ಅದೇ, ದೂರವೂ ಅದೇ. ಬದಲಾದದ್ದು ಭಾಷೆ ಮಾತ್ರ.

ನಾವು ಕಿವಿಯೊಂದರಿಂದಲೇ ಕೇಳುವುದಿಲ್ಲ. ಹೊರಗಿನ ಶಬ್ದ ಕಿವಿಯ ತಮಟೆಗೆ ಬಡಿಯುತ್ತದೆ. ಅದರ ಹಿಂದೆ ಮೂರು ಪುಟಾಣಿ ಎಲುಬುಗಳಿವೆ. ನಮ್ಮ ದೇಹದ ಎಲುಬುಗಳಲ್ಲೆಲ್ಲ ತೀರ ಚಿಕ್ಕದು ಇರುವುದು ಅಲ್ಲಿಯೇ. ಆ ಎಲುಬುಗಳು ಶಬ್ದದ ಅಲುಗಾಟವನ್ನು ಒಳಕ್ಕೆ ದಾಟಿಸುತ್ತವೆ. ಒಳಗೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಭಾಗವಿದೆ. ಅಲ್ಲಿಂದ ನರದ ದಾರಿಯಾಗಿ ಸುದ್ದಿ ಮೆದುಳಿಗೆ ಹೋಗುತ್ತದೆ. ಕಿವಿಯ ಕೆಲಸ ಅಲ್ಲಿಗೆ ಮುಗಿಯಿತು. ಬಂದ ಶಬ್ದ ಯಾವ ಪದ, ಅದರ ಅರ್ಥವೇನು ಎಂದು ಗುರುತಿಸುವುದು ಮೆದುಳಿನ ಕೆಲಸ. ಅದು ತಾನು ಮೊದಲೇ ಬಲ್ಲ ಪದಗಳ ನಡುವೆ ಹುಡುಕುತ್ತದೆ. ಅರ್ಧ ಕೇಳಿಸಿದರೂ ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತದೆ. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಸುರಿಯುವಾಗ ಅಮ್ಮ ಅಡುಗೆಮನೆಯಿಂದ "ಊಟಕ್ಕೆ ಬಾ" ಎಂದರೆ ನಿಮಗೆ ಸಿಗುವುದು "...ಟಕ್ಕೆ ..." ಎಂಬಷ್ಟೇ. ಆದರೂ ನೀವು ತಟ್ಟೆಯ ಮುಂದೆ ಹಾಜರು! ಬಾರದ ಭಾಷೆಯಲ್ಲಿ ಹೀಗೆ ತುಂಬಿಕೊಳ್ಳಲು ಮೆದುಳಿನ ಬಳಿ ಏನೂ ಇರುವುದಿಲ್ಲ.

ಆದ್ದರಿಂದ "ಕೇಳಿಸಲಿಲ್ಲ" ಎನ್ನುವುದು ಒಂದು ಮಾತು, "ತಿಳಿಯಲಿಲ್ಲ" ಎನ್ನುವುದು ಇನ್ನೊಂದು ಮಾತು. ತರಗತಿಯಲ್ಲಿ ಇವೆರಡೂ ಬೆರೆತುಹೋದರೆ ಹೆಚ್ಚೆಂದರೆ ಒಂದು ಲೆಕ್ಕ ತಪ್ಪಬಹುದು. ಆಸ್ಪತ್ರೆಯಲ್ಲಿ ಬೆರೆತುಹೋದರೆ ಏನಾಗಬಹುದು?

ನಿಮ್ಮನ್ನು ಶ್ರವಣ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಾರೆ ಎಂದುಕೊಳ್ಳಿ. ಹೆದರಬೇಡಿ, ಸೂಜಿ ಚುಚ್ಚುವುದಿಲ್ಲ. ಹೊರಗಿನ ಸದ್ದು ಬಾರದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ. ಆಡಿಯೋಮೀಟರ್ ಎಂಬ ಯಂತ್ರದಿಂದ "ಪೀಂ" ಎಂಬ ಸಣ್ಣ ಸದ್ದು ಬರುತ್ತದೆ. ಕೇಳಿಸಿದಾಗಲೆಲ್ಲ ನೀವು ಕೈ ಎತ್ತಬೇಕು, ಇಲ್ಲವೇ ಗುಂಡಿ ಒತ್ತಬೇಕು. ತೀರ ಚಿಕ್ಕ ಮಕ್ಕಳಾದರೆ, ಸದ್ದು ಬಂದಾಗ ಒಂದು ಮಣಿಯನ್ನು ಡಬ್ಬಿಗೆ ಹಾಕು ಎಂದು ಆಟದಂತೆ ಮಾಡಿಸುತ್ತಾರೆ. ಸದ್ದನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಮಾಡುತ್ತಾ ಹೋಗುತ್ತಾರೆ. ನಿಮಗೆ ಕೇಳಿಸುವ ಅತಿ ಮೆಲ್ಲನೆಯ ಸದ್ದು ಯಾವುದೆಂದು ಕಾಗದದಲ್ಲಿ ಗುರುತು ಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ ಚಿಹ್ನೆ. ಸದ್ದಿನ ಬಲವನ್ನು ಅಳೆಯುವುದು ಡೆಸಿಬೆಲ್‌ನಲ್ಲಿ. ಪಿಸುಮಾತು ಸುಮಾರು 30 ಡೆಸಿಬೆಲ್, ನಾವು ದಿನವೂ ಆಡುವ ಮಾತು ಸುಮಾರು 60 ಡೆಸಿಬೆಲ್. ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಗೊತ್ತಲ್ಲ? ಆ ಹೆಸರಿನಿಂದಲೇ ಈ ಮಾನ ಬಂದಿದೆ.

"ಪೀಂ" ಎಂಬ ಸದ್ದಿಗೆ ಭಾಷೆಯಿಲ್ಲ. ಅದು ಕನ್ನಡವೂ ಅಲ್ಲ, ಮಲಯಾಳವೂ ಅಲ್ಲ. ಆದರೆ "ಸದ್ದು ಎಷ್ಟೇ ಸಣ್ಣದಾದರೂ, ಕೇಳಿಸಿದ ಕೂಡಲೆ ಕೈ ಎತ್ತು" ಎಂದು ಮೊದಲು ಹೇಳಬೇಕಷ್ಟೆ? ಅದನ್ನು ನಿಮಗೆ ತಿಳಿಯದ ಭಾಷೆಯಲ್ಲಿ ಹೇಳಿದರೆ? ಸಣ್ಣ ಸದ್ದು ಲೆಕ್ಕಕ್ಕಿಲ್ಲ, ದೊಡ್ಡದಕ್ಕೆ ಕೈ ಎತ್ತಿದರೆ ಸಾಕು ಎಂದು ನೀವು ಸುಮ್ಮನೆ ಕುಳಿತಿರಬಹುದು. ಕಾಗದದಲ್ಲಿ ಮಾತ್ರ "ಸಣ್ಣ ಸದ್ದು ಕೇಳಿಸುವುದಿಲ್ಲ" ಎಂದಾಗಿರುತ್ತದೆ.

ಇನ್ನು ಎರಡನೆಯ ಪರೀಕ್ಷೆಯಲ್ಲಿ ನಿಜವಾದ ತೊಡಕು ಇದೆ. ಅದು ಪದಗಳ ಪರೀಕ್ಷೆ. ಹೆಡ್‌ಫೋನಿನಲ್ಲಿ ಒಂದೊಂದೇ ಪದ ಕೇಳಿಸುತ್ತಾರೆ, ನೀವು ತಿರುಗಿ ಹೇಳಬೇಕು. ನಾವು ಆಡಿದ ಆಟದಂತೆಯೇ. ಬಾಳಿನಲ್ಲಿ ನಾವು ಕೇಳುವುದು "ಪೀಂ" ಸದ್ದನ್ನಲ್ಲ, ಮಾತನ್ನು. ಹಾಗಾಗಿ ಈ ಪರೀಕ್ಷೆ ಬೇಕೇ ಬೇಕು. ಆದರೆ ಆ ಪದಗಳು ಯಾವ ಭಾಷೆಯವು?

ಮನೆಯಲ್ಲಿ ಕನ್ನಡವನ್ನು ಮಾತ್ರ ಆಡುವ ಒಂದನೆಯ ತರಗತಿಯ ಮಗುವಿಗೆ ಮಲಯಾಳದ ಪಟ್ಟಿ ಓದುತ್ತಾರೆ ಎಂದು ಊಹಿಸಿರಿ. "ಪಾಲ್" ಎಂದು ಕೇಳುತ್ತದೆ. ಮಲಯಾಳದಲ್ಲಿ ಪಾಲ್ ಎಂದರೆ ಹಾಲು. ಮಗು "ಪಾಲು" ಎನ್ನುತ್ತದೆ. ಅದಕ್ಕೆ ಗೊತ್ತಿರುವುದು ಅಣ್ಣತಮ್ಮಂದಿರಲ್ಲಿ ಹಂಚಿಕೊಳ್ಳುವ ಪಾಲು! ಮಲಯಾಳದಲ್ಲಿ ಪದಗಳು ಲ್, ಳ್, ನ್, ಣ್, ರ್ ಎಂದು ಮುಗಿಯಬಹುದು. ಅದಕ್ಕೆಂದೇ ಆ ಲಿಪಿಯಲ್ಲಿ ಚಿಲ್ಲು ಎಂಬ ಅಕ್ಷರಗಳಿವೆ. ಕನ್ನಡದ ನಾಲಗೆಗೆ ಪದದ ಕೊನೆಯಲ್ಲಿ ಒಂದು ಸ್ವರ ಬೇಕು. ಬಸ್, ಕಾರ್, ಪೆನ್ ಎಂಬ ಇಂಗ್ಲಿಷ್ ಪದಗಳನ್ನೂ ನಾವು ಬಿಡಲಿಲ್ಲ. ಬಸ್ಸು, ಕಾರು, ಪೆನ್ನು ಎಂದು ನಮ್ಮವಾಗಿ ಮಾಡಿಕೊಂಡೆವು. ಇನ್ನೊಂದು ಮಗು ಪಾಲ್ ಎಂದರೆ ಹಾಲು ಎಂದು ಹೇಗೋ ತಿಳಿದಿರುತ್ತದೆ. ಅದು ಜಾಣತನದಿಂದ "ಹಾಲು" ಎಂದೇ ಹೇಳಿಬಿಡುತ್ತದೆ. ಪ ಎಂದಾಗ ಹ ಎಂದು ಕೇಳಿಸಿಕೊಂಡಿತು ಎಂದು ಅದಕ್ಕೂ ತಪ್ಪು ಗುರುತು ಬೀಳಬಹುದು.

ಪರೀಕ್ಷೆ ಮಾಡುವವರು ಕೆಟ್ಟವರು ಎಂದು ಇದರ ಅರ್ಥವಲ್ಲ. ಅವರ ಕೈಯಲ್ಲಿ ಇರುವ ಪಟ್ಟಿ ಒಂದೇ. ಮಲಯಾಳದ ಮಗುವೊಂದು ಕನ್ನಡದ ಪಟ್ಟಿ ಮಾತ್ರ ಇರುವ ಊರಿಗೆ ಹೋದರೆ ಅದಕ್ಕೂ ಇದೇ ಗತಿ.

ಈ ಪಟ್ಟಿಗಳ ಕಥೆ ಸ್ವಾರಸ್ಯವಾಗಿದೆ. 1952ರಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಕಿವುಡರ ಸಂಸ್ಥೆಯೊಂದರಲ್ಲಿ ಇಂಗ್ಲಿಷಿನ 36 ಪದಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಿದರು. ಅದು ಬಹಳ ಹೆಸರಾಯಿತು. ಅದರಲ್ಲಿ ಏರ್‌ಪ್ಲೇನ್ ಇದೆ, ಬೇಸ್‌ಬಾಲ್ ಇದೆ, ಕೌಬಾಯ್ ಇದೆ, ಹಾಟ್‌ಡಾಗ್ ಕೂಡ ಇದೆ. ಹಾಟ್‌ಡಾಗ್ ಎಂದರೆ ಬಿಸಿ ನಾಯಿಯಲ್ಲ; ಅದು ಅಲ್ಲಿಯವರ ಒಂದು ತಿಂಡಿ. ಅಮೆರಿಕದ ಮಗುವಿಗೆ ಅದು ನಮ್ಮ ಇಡ್ಲಿಯಷ್ಟೇ ಪರಿಚಿತ. ಪಟ್ಟಿ ಮಾಡಿದವರು ತಮ್ಮ ಊರಿನ ಎಲ್ಲರೂ ಬಲ್ಲ ಪದಗಳನ್ನೇ ಆರಿಸಿದ್ದರು, ಅದು ಸರಿಯೇ. ಅದೇ ಪಟ್ಟಿಯನ್ನು ಕುಂಬಳೆಗೋ ಬದಿಯಡ್ಕಕ್ಕೋ ತಂದರೆ ಮಾತ್ರ ಅದು ಕಿವಿಯ ಪರೀಕ್ಷೆಯಾಗಿ ಉಳಿಯುವುದಿಲ್ಲ, ಅಮೆರಿಕದ ಬಗ್ಗೆ ಸಾಮಾನ್ಯ ಜ್ಞಾನದ ಪರೀಕ್ಷೆಯಾಗುತ್ತದೆ.

ಹಾಗಾದರೆ ಕನ್ನಡಕ್ಕೆ ಅನುವಾದ ಮಾಡಿದರೆ ಆಗದೇ? ಆಗದು. ಆ ಪಟ್ಟಿಯ ಒಂದೊಂದು ಪದದಲ್ಲಿಯೂ ಎರಡು ಉಚ್ಚಾರದ ತುಂಡುಗಳಿವೆ, ಎರಡಕ್ಕೂ ಸಮಾನ ಒತ್ತು. ಏರ್‌ಪ್ಲೇನ್ ಎಂಬುದನ್ನು ವಿಮಾನ ಎಂದರೆ ತುಂಡು ಮೂರಾಯಿತು. ಇಂಗ್ಲಿಷಿನಲ್ಲಿ ಒಂದೇ ತುಂಡಿನ ಪದಗಳು ರಾಶಿ ರಾಶಿ ಸಿಗುತ್ತವೆ. ಕನ್ನಡದಲ್ಲಿ ಹುಡುಕಿ ನೋಡಿ. ಕೈ, ಹೂ, ಬಾ, ತಾ, ಹೋ... ಬೆರಳು ಮಡಚುವುದರಲ್ಲಿ ಮುಗಿಯುತ್ತಾ ಬರುತ್ತದೆ. ನಮ್ಮಲ್ಲಿ ಹೇರಳವಾಗಿರುವುದು ಎರಡು ಅಕ್ಷರದ ಪದಗಳು. ಆದ್ದರಿಂದ ಕನ್ನಡದ ಪಟ್ಟಿಯನ್ನು ಕನ್ನಡದಿಂದಲೇ ಕಟ್ಟಬೇಕು. ಪದಗಳು ಚಿಕ್ಕ ಮಕ್ಕಳಿಗೂ ಗೊತ್ತಿರಬೇಕು. ಅಷ್ಟೇ ಸಾಲದು. ನಾವು ಮಾತನಾಡುವಾಗ ಯಾವ ಧ್ವನಿ ಎಷ್ಟು ಸಲ ಬರುತ್ತದೆಯೋ ಪಟ್ಟಿಯಲ್ಲೂ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ಕೆಲವರಿಗೆ ಅ, ಆ, ಓ ಮುಂತಾದ ಸ್ವರಗಳು ಚೆನ್ನಾಗಿ ಕೇಳಿಸುತ್ತವೆ, ಸ, ಶ ಮಾತ್ರ ಕೇಳಿಸುವುದಿಲ್ಲ. ಪಟ್ಟಿಯಲ್ಲಿ ಸಕಾರವೇ ಇಲ್ಲದಿದ್ದರೆ ಅವರ ತೊಂದರೆ ಹೇಗೆ ಬಯಲಾಗಬೇಕು?

ಇಂಥ ಕೆಲಸ ನಡೆದಿರುವುದು ಮೈಸೂರಿನಲ್ಲಿ. ಅಲ್ಲಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಕಿವಿ ಮತ್ತು ಮಾತಿನ ತೊಂದರೆಯುಳ್ಳವರು ಬೇರೆ ಬೇರೆ ರಾಜ್ಯಗಳಿಂದ ಅಲ್ಲಿಗೆ ಬರುತ್ತಾರೆ. ಎರಡಕ್ಷರದ ಕನ್ನಡ ಪದಗಳನ್ನು ಧ್ವನಿಗಳ ಅಳತೆ ನೋಡಿ ಜೋಡಿಸಿದ ಪಟ್ಟಿಗಳು 2005ರಲ್ಲಿ ಅಲ್ಲಿ ಸಿದ್ಧವಾದವು. ನಮ್ಮ ಕೇರಳದಲ್ಲಿಯೂ 1997ರಲ್ಲಿ ತಿರುವನಂತಪುರದಲ್ಲಿ ಇಂಥ ಒಂದು ಸಂಸ್ಥೆ ಆರಂಭವಾಗಿದೆ. ಅದನ್ನು ನಿಷ್ ಎಂದು ಕರೆಯುತ್ತಾರೆ. ಭೂಪಟ ತೆಗೆದು ನೋಡಿ. ಕಾಸರಗೋಡು ರಾಜ್ಯದ ಒಂದು ತುದಿ, ತಿರುವನಂತಪುರ ಇನ್ನೊಂದು ತುದಿ. ಮೈಸೂರು ಗಡಿಯ ಆಚೆ. ನಮ್ಮ ಭಾಷೆಯ ಪಟ್ಟಿ ಒಂದು ಕಡೆ, ನಮ್ಮ ಸರಕಾರದ ಆಸ್ಪತ್ರೆ ಇನ್ನೊಂದು ಕಡೆ. ಗಡಿನಾಡಿನವರಿಗೆ ಇದೇನೂ ಹೊಸತಲ್ಲ.

ಭಾಷೆಯೇ ಬೇಡದ ಪರೀಕ್ಷೆ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆರೋಗ್ಯವಾಗಿರುವ ಒಳಗಿವಿಗೆ ಸದ್ದು ಮುಟ್ಟಿದರೆ ಅದು ತಾನೂ ಒಂದು ಕಿರುದನಿಯನ್ನು ಹೊರಕ್ಕೆ ಕಳುಹಿಸುತ್ತದೆ. ಕಿವಿ ಕೇಳುವುದಲ್ಲದೆ ಮಾತನ್ನೂ ಆಡುತ್ತದೆ ಎನ್ನಿ! ಇಂಗ್ಲೆಂಡಿನ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಇದನ್ನು ಪ್ರಕಟಿಸಿದರು. ಈಗ ಹುಟ್ಟಿದ ಒಂದೆರಡು ದಿನದ ಕೂಸಿನ ಕಿವಿಯಲ್ಲಿ ಪುಟ್ಟ ಬಿರಡೆಯಂಥದ್ದನ್ನು ಇಟ್ಟು ಈ ಮರುದನಿ ಬರುತ್ತದೆಯೇ ಎಂದು ನೋಡುತ್ತಾರೆ. ಕೂಸು ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಆದರೆ ಇದು ತಿಳಿಸುವುದು ಒಳಗಿವಿಯ ಸಂಗತಿ ಮಾತ್ರ. ಮಗು ಮಾತನ್ನು ಹೇಗೆ ಹಿಡಿಯುತ್ತದೆ, ಹೇಗೆ ಆಡುತ್ತದೆ ಎಂಬುದನ್ನು ತಿಳಿಯಲು ಕೊನೆಗೂ ಮಾತೇ ಬೇಕು.

ಕಿವಿಯ ಹಾಗೆಯೇ ನಾಲಗೆಯ ವಿಷಯ. ಮೂರು ವರ್ಷದ ತಂಗಿ "ಮರ" ಎನ್ನಲು "ಮಲ" ಎಂದರೆ ಮನೆಯವರು ನಗುತ್ತಾರೆ. ರಕಾರ ಮಕ್ಕಳಿಗೆ ತಡವಾಗಿ ಬರುವ ಧ್ವನಿ. ಬೆಳೆದ ಮೇಲೂ ಬಾರದಿದ್ದರೆ ಮಾತಿನ ಚಿಕಿತ್ಸಕರು ಕಲಿಸಿಕೊಡುತ್ತಾರೆ. ಆದರೆ ಮೈಸೂರು ಕಡೆಯ ಹಳ್ಳಿಯ ಹುಡುಗ "ಹಾಲು" ಎನ್ನದೆ "ಆಲು" ಎಂದರೆ? ಅದು ನಾಲಗೆಯ ದೋಷವಲ್ಲ. ಅವನ ಊರಿನಲ್ಲಿ ಬಹಳ ಜನ ಹಾಗೆಯೇ ಹೇಳುತ್ತಾರೆ. ತುಳು ಮನೆಮಾತಿನ ಹುಡುಗಿಯ ಕನ್ನಡದಲ್ಲಿ ತುಳುವಿನ ರಾಗ ಇರುತ್ತದೆ. ಇದೂ ರೋಗವಲ್ಲ. ಚಿಕಿತ್ಸಕರಿಗೆ ಆ ಮನೆಯ ಮಾತು ಗೊತ್ತಿಲ್ಲದಿದ್ದರೆ ಎರಡು ಬಗೆಯ ತಪ್ಪು ನಡೆಯಬಹುದು. ಚೆನ್ನಾಗಿಯೇ ಇರುವ ಮಗುವಿಗೆ ದೋಷವಿದೆ ಎನ್ನಬಹುದು. ಅಥವಾ ನಿಜವಾಗಿಯೂ ಕೇಳಿಸದ ಮಗುವನ್ನು ಕಂಡು "ಭಾಷೆ ಬಾರದ್ದರಿಂದ ಸುಮ್ಮನಿದೆ, ಕ್ರಮೇಣ ಸರಿಹೋದೀತು" ಎಂದು ಮನೆಗೆ ಕಳುಹಿಸಬಹುದು. ಈ ಎರಡನೆಯದೇ ಹೆಚ್ಚು ನಷ್ಟದ್ದು. ಮಾತು ಕಲಿಯುವ ಮೊದಲ ವರ್ಷಗಳು ಒಮ್ಮೆ ಕಳೆದರೆ ತಿರುಗಿ ಬರುವುದಿಲ್ಲ.

ಇನ್ನೊಂದು ಸಲಹೆಯನ್ನು ನಮ್ಮ ಊರುಗಳಲ್ಲಿ ಆಗಾಗ ಕೇಳುತ್ತೇವೆ. ಮಗು ಮಾತು ತಡಮಾಡಿದರೆ "ಮನೆಯಲ್ಲಿ ಎರಡೆರಡು ಭಾಷೆ ಬೇಡ, ಶಾಲೆಯ ಭಾಷೆ ಒಂದೇ ಸಾಕು" ಎನ್ನುತ್ತಾರೆ. ಎರಡು ಭಾಷೆ ಕಿವಿಗೆ ಬೀಳುವುದರಿಂದ ಮಕ್ಕಳ ಮಾತು ಕೆಡುವುದಿಲ್ಲ ಎಂದು ಇದನ್ನು ಅಭ್ಯಾಸ ಮಾಡಿದವರು ಕಂಡುಕೊಂಡಿದ್ದಾರೆ. ಆ ಸಲಹೆ ಕೇಳಿ ಮನೆಯವರು ತುಳುವನ್ನೋ ಕನ್ನಡವನ್ನೋ ಬಿಟ್ಟುಬಿಟ್ಟರೆ ಆ ಮಗು ಅಜ್ಜಿಯ ಜೊತೆ ಯಾವ ಭಾಷೆಯಲ್ಲಿ ಮಾತನಾಡಬೇಕು? ಅಜ್ಜಿಗೆ ಬರುವುದು ಅದೊಂದೇ ಭಾಷೆ.

ಅಜ್ಜಿ ಎಂದಾಗ ನೆನಪಾಯಿತು. ದೊಡ್ಡವರಿಗೆ ಪಾರ್ಶ್ವವಾಯು ಬಡಿದರೆ ಕೆಲವರ ಮಾತು ನಿಂತುಹೋಗುತ್ತದೆ. ಎರಡು ಮೂರು ಭಾಷೆ ಬಲ್ಲವರಲ್ಲಿ ಒಂದು ಭಾಷೆ ಬೇಗ ಮರಳಿ, ಇನ್ನೊಂದು ಹಿಂದೆ ಉಳಿಯುವುದುಂಟು. ಆಸ್ಪತ್ರೆಯಲ್ಲಿ ಒಂದೇ ಭಾಷೆಯಲ್ಲಿ ಕೇಳಿ ಉತ್ತರ ಬರಲಿಲ್ಲವೆಂದು ಬಿಟ್ಟರೆ, ಇನ್ನೊಂದರಲ್ಲಿ ಅವರು ಆಡಬಹುದಾಗಿದ್ದ ಮಾತು ಒಳಗೇ ಉಳಿಯುತ್ತದೆ.

ಹುಟ್ಟಿನಿಂದಲೇ ಕಿವಿ ಕೇಳಿಸದವರಿಗೂ ಭಾಷೆ ಇದೆ, ಅದನ್ನು ಮರೆಯಬಾರದು. ಅವರು ಕೈಯಿಂದ, ಮುಖದಿಂದ ಮಾತನಾಡುತ್ತಾರೆ. ಅದು ಬರಿಯ ಸನ್ನೆಯಲ್ಲ. ಅದಕ್ಕೂ ವ್ಯಾಕರಣವಿದೆ, ಊರೂರಿಗೆ ಭೇದವೂ ಇದೆ. ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಅಲೀಪುರ ಎಂಬ ಊರಿದೆ. ಅಲ್ಲಿ ಹುಟ್ಟು ಕಿವುಡರು ಹೆಚ್ಚು. ಹಾಗಾಗಿ ಆ ಊರಿನದೇ ಆದ ಒಂದು ಕೈಭಾಷೆ ಬೆಳೆದಿದೆ. ಕಿವಿ ಕೇಳಿಸುವವರಲ್ಲಿ ಅನೇಕರು ಅದನ್ನು ಬಲ್ಲರು. ದಿಲ್ಲಿಯಲ್ಲಿ ಭಾರತೀಯ ಸಂಕೇತ ಭಾಷೆಗೆಂದೇ 2015ರಲ್ಲಿ ಒಂದು ಕೇಂದ್ರ ಆರಂಭವಾಗಿದೆ. ಅದು ಸಾವಿರಾರು ಪದಗಳ ಸಂಕೇತ ನಿಘಂಟನ್ನು ಹೊರತಂದಿದೆ. ಹೊಟ್ಟೆನೋವು ಎಂದು ಕೈಯಲ್ಲಿ ಹೇಳುವ ಮಗುವಿನ ಮಾತು ತಿಳಿಯುವವರು ಆಸ್ಪತ್ರೆಯಲ್ಲಿ ಇಲ್ಲದಿದ್ದರೆ, ಅಲ್ಲಿ ಕೇಳಿಸದವರು ಯಾರು? ಮಗುವೋ, ವೈದ್ಯರೋ?

ನೀವು ಈ ಪುಸ್ತಕವನ್ನು ಕನ್ನಡದಲ್ಲಿ ಓದುತ್ತಿದ್ದೀರಲ್ಲ, ಅದಕ್ಕೆ ಒಂದು ಆಧಾರವಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಇರಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಅದನ್ನು ಸೇರಿಸಲಾಯಿತು. ಅದು ಶಾಲೆಯ ಮಾತು. ಶ್ರವಣ ಪರೀಕ್ಷೆಯ ಆ ಪುಟ್ಟ ಕೋಣೆಯೊಳಗೆ ಆ ವಿಧಿ ಬರುವುದಿಲ್ಲ. ಅಲ್ಲಿ ನೀವೇ ಬಾಯಿ ಬಿಡಬೇಕು. "ನನ್ನ ಮನೆಮಾತು ಕನ್ನಡ" ಎಂದು ಮೊದಲೇ ಹೇಳಿರಿ. ಪದ ಕೇಳಿಸಿತು, ಅರ್ಥವಾಗಲಿಲ್ಲ ಎಂದಾದರೆ ಹಾಗೆಯೇ ಹೇಳಿರಿ. ಸುಮ್ಮನೆ ತಲೆ ಅಲ್ಲಾಡಿಸಬೇಡಿರಿ. ಜೊತೆಗೆ ಬಂದ ಅಪ್ಪ ಅಮ್ಮನಿಗೆ ಆ ಊರಿನ ಭಾಷೆ ಬಾರದಿದ್ದರೆ ನೀವೇ ದುಭಾಷಿಗಳಾಗಬೇಕಾಗುತ್ತದೆ. ಗಡಿನಾಡಿನ ಮಕ್ಕಳು ಆ ಕೆಲಸವನ್ನು ಬ್ಯಾಂಕಿನಲ್ಲಿ, ಪಂಚಾಯತು ಕಚೇರಿಯಲ್ಲಿ ಎಷ್ಟೋ ಸಲ ಮಾಡಿದ್ದಾರೆ. ಆದರೆ ರೋಗಿಯೂ ನೀವೇ, ದುಭಾಷಿಯೂ ನೀವೇ ಆಗುವುದು ಸರಿಯಲ್ಲ. ಕನ್ನಡ ಬಲ್ಲ ಒಬ್ಬರನ್ನು ಕರೆಯಿರಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ತರಗತಿಯಲ್ಲಿ ಯಾರಾದರೂ ಯಾವಾಗಲೂ "ಹಾಂ? ಹಾಂ?" ಎನ್ನುತ್ತಾರೆಯೇ, ಮಾತನಾಡುವವರ ತುಟಿಯನ್ನೇ ನೋಡುತ್ತಾರೆಯೇ, ಹಿಂದಿನಿಂದ ಕರೆದರೆ ತಿರುಗುವುದಿಲ್ಲವೇ, ಕಿವಿ ಸೋರುತ್ತಿದೆಯೇ? ಗೇಲಿ ಮಾಡಬೇಡಿರಿ, ಟೀಚರಿಗೆ ತಿಳಿಸಿರಿ. ಮನೆಮಾತಿನಲ್ಲಿ ಕರೆದಾಗಲೂ ತಿರುಗುವುದಿಲ್ಲವೇ ಎಂಬುದನ್ನೂ ಸೇರಿಸಿ ಹೇಳಿರಿ. ಪರೀಕ್ಷೆ ಮಾಡುವವರಿಗೆ ಅದು ಬಹಳ ಉಪಯೋಗದ ಸುದ್ದಿ.

ಮಾಡಿ ನೋಡಿರಿ

ನಮ್ಮ ತರಗತಿಗೆಂದೇ ಒಂದು ಪದಪಟ್ಟಿ ಕಟ್ಟೋಣ. ಒಟ್ಟು 25 ಪದಗಳು ಬೇಕು. ಎಲ್ಲವೂ ಎರಡು ಅಕ್ಷರದವು. ಒಂದನೆಯ ತರಗತಿಯ ಮಕ್ಕಳಿಗೂ ತಿಳಿದಿರಬೇಕು. ಕ, ಗ, ತ, ಪ, ಮ, ಲ, ಳ, ಸ ಧ್ವನಿಗಳು ಒಂದೊಂದು ಸಲವಾದರೂ ಬರಬೇಕು.

ಆರಿಸಿದ ಪದಗಳನ್ನು ಬೇರೆ ಬೇರೆ ಮನೆಮಾತಿನ ಐವರಿಗೆ ತೋರಿಸಿರಿ. ಯಾರಿಗಾದರೂ ತಿಳಿಯದ ಪದ ಇದ್ದರೆ ಅದನ್ನು ಹೊಡೆದುಹಾಕಿ ಬೇರೆಯದನ್ನು ಹುಡುಕಿರಿ.

ಚರ್ಚಿಸಿರಿ: ಪುಸ್ತಕದಲ್ಲಿ "ಬೆಕ್ಕು" ಎಂದಿದೆ. ತುಳುವಿನಲ್ಲಿ ಅದು ಪುಚ್ಚೆ. ನಮ್ಮ ಕಡೆಯ ಹವ್ಯಕ ಮನೆಗಳಲ್ಲಿಯೂ ಪುಚ್ಚೆ. ಮಲಯಾಳದಲ್ಲಿ ಪೂಚ್ಚ. ನಿಮ್ಮ ಪಟ್ಟಿಯಲ್ಲಿ ಯಾವುದನ್ನು ಇಡುತ್ತೀರಿ? ಬೆಕ್ಕನ್ನೇ ಬಿಟ್ಟು ಬೇರೆ ಪ್ರಾಣಿಯನ್ನು ಆರಿಸುತ್ತೀರಾ?